ಡಬ್ಬಿ ಮೊದಲೋ, ನಡಿಗೆ ಮೊದಲೋ?

ಈ ಸಲ ಕಥೆ, ಕವನ ಪಕ್ಕಕ್ಕಿಟ್ಟು ಸ್ವಲ್ಪ ಹೊಟ್ಟೆಯ ವಿಷಯ ಮಾತಾಡೋಣ ಅಂತ ಕೂತಿದ್ದೀವಿ. ಹೊಟ್ಟೆಪಾಡಿನ ವಿಷಯ ಅಲ್ಲ, ಪ್ಲೇಸ್‌ಮೆಂಟ್ ಬಗ್ಗೆ ಬೇರೆಯವರು ಬರೀತಾರೆ. ನಾವು ಹೇಳ್ತಿರೋದು ಬೆಲ್ಟಿನ ಮೇಲೆ ಬಂದು ಕೂರುವ ಹೊಟ್ಟೆಯ ಬಗ್ಗೆ. ನಮ್ಮದೂ ಇದೆ, ನಮ್ಮ ಅಪ್ಪ-ಅವ್ವಂದಿರದೂ ಇದೆ.

ಬರೀತಿರೋರು ನಾವು ನಾಲ್ಕು ಜನ. ಊರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ತಾಲ್ಲೂಕಿಗೆ ಒಬ್ಬರಂತೆ. ಒಂದೇ ಲ್ಯಾಬ್ ಬ್ಯಾಚ್. ಹೆಸರು ಹಾಕ್ತಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ.

ಎರಡನೇ ವರ್ಷದಲ್ಲಿ ನಮ್ಮಲ್ಲಿ ಒಬ್ಬ ಒಂದು ಕಂಪನಿಯ 'ವೆಲ್‌ನೆಸ್ ಕೋಚ್' ಆದ. ಆ ಕಂಪನಿ ಹೆಸರು ಇಲ್ಲಿ ಬೇಡ. ಒಂದು ಭಾನುವಾರ ಮೈಸೂರಿನ ಹೋಟೆಲ್ ಹಾಲ್‌ನಲ್ಲಿ ಮೀಟಿಂಗು, ಮೈಕು, ಚಪ್ಪಾಳೆ, ಕೊನೆಗೆ ಕೈಗೊಂದು ಬ್ಯಾಡ್ಜು. ಕೆಲಸ ಇಷ್ಟೇ: ಗುರುತು ಇರೋರಿಗೆ ತೂಕ ಇಳಿಸೋ ಶೇಕ್ ಪೌಡರು, ಗುಳಿಗೆ, ಒಂದು ಹರ್ಬಲ್ ಟೀ ಮಾರೋದು. ಮೊದಲ ಗಿರಾಕಿ ಯಾರು ಗೊತ್ತಾ? ನಮ್ಮ ಕೆ.ಆರ್.ಪೇಟೆ ಗೆಳೆಯನ ಅಪ್ಪ. ಹಬ್ಬಕ್ಕೆ ಅಂತ ಮನೆಗೆ ಕರೆದಿದ್ದರು, ಹೋಳಿಗೆ ಊಟ ಹಾಕಿದ್ದರು. ಊಟ ಆದ ಮೇಲೆ ನಾವೇ ಬ್ಯಾಗಿಂದ ಡಬ್ಬಿ ತೆಗೆದ್ವಿ. ಮಾರಿದವನು ಒಬ್ಬ, ಪಕ್ಕದಲ್ಲಿ ಕೂತು 'ಹೌದು ಅಂಕಲ್, ತುಂಬ ಚೆನ್ನಾಗಿದೆ' ಅಂದವರು ಉಳಿದವರು. ಅದಕ್ಕೇ ಈ ಲೇಖನದಲ್ಲಿ 'ನಾವು' ಅಂತಲೇ ಬರೀತಿದ್ದೀವಿ.

ತಿಂಗಳಿಗೆ ಆರೂವರೆ ಸಾವಿರ. ಅವರು ಮೂರು ತಿಂಗಳು ತಗೊಂಡರು. ಶುಗರ್ ಇದೆ ಅಂತ ಡಾಕ್ಟರ್ ಕೊಟ್ಟಿದ್ದ ಮಾತ್ರೆ ದಿನಾ ನುಂಗ್ತಿದ್ದರು. ಎರಡನೇ ತಿಂಗಳು ಅದನ್ನ ಬಿಟ್ಟರು. ಬಿಡಿ ಅಂತ ನಾವು ಹೇಳಿರಲಿಲ್ಲ, ಬಿಡಬೇಡಿ ಅಂತಲೂ ಹೇಳಿರಲಿಲ್ಲ. 'ಇಷ್ಟು ದುಡ್ಡು ಕೊಟ್ಟು ಇದನ್ನ ಕುಡೀತಿದೀನಲ್ಲ, ಅದ್ಯಾಕಪ್ಪಾ ಮತ್ತೆ' ಅಂತ ಅವರೇ ಬಿಟ್ಟಿದ್ದು. ತೂಕ ಎರಡು ಕೆ.ಜಿ. ಇಳಿದಿತ್ತು, ಎಲ್ಲರಿಗೂ ಖುಷಿ. ಮೂರನೇ ತಿಂಗಳ ಕೊನೆಗೆ ಕಾಲಲ್ಲಿ ಒಂದು ಗಾಯ ಆಯ್ತು, ಮಾಯಲಿಲ್ಲ. ಶುಗರ್ ನೋಡಿಸಿದರೆ 380. ಹದಿನೈದು ದಿನ ಇನ್ಸುಲಿನ್ ಚುಚ್ಚಿಸ್ಕೊಂಡ ಮೇಲೆ ಹತೋಟಿಗೆ ಬಂತು. ಕಾಲು ಉಳೀತು. ನಮ್ಮ ಗೆಳೆಯ ಎರಡು ತಿಂಗಳು ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನು ಮಾತು ಬಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮತ್ತೆ ಮಾತು ಶುರುವಾದಾಗ ಅವನೇ ಒಂದು ಪ್ರಶ್ನೆ ಹಾಕಿದ. 'ಬಿಡ್ರೋ, ಬೈಯೋದು ಸಾಕು. ಆದರೆ ಒಂದು ಹೇಳಿ, ವ್ಯಾಯಾಮದ ಜೊತೆ ಈ ಸಪ್ಲಿಮೆಂಟ್ ತಗೊಂಡ್ರೆ ದಪ್ಪ ಇರೋರಿಗೆ ನಿಜವಾಗ್ಲೂ ಉಪಯೋಗ ಇದೆಯಾ ಇಲ್ವಾ? ನಮಗೆ ಯಾರಿಗೂ ಗೊತ್ತಿಲ್ದೆ ಮಾರಿದ್ವಲ್ಲ, ಈಗಲಾದ್ರೂ ನೋಡಣ.' ನೋಡಿದ್ವಿ. ನೋಡಿದ ಮೇಲೆ ನಮ್ಮ ಅಭಿಪ್ರಾಯ ಏನು ಅನ್ನೋದನ್ನ ಇಲ್ಲಿ ಬರೆದಿದ್ದೀವಿ.

ನಮ್ಮೂರಲ್ಲಿ ಆಗಿರೋದೇನು

ಮಂಡ್ಯ ಜಿಲ್ಲೆ ಅಂದ್ರೆ ಕಬ್ಬು, ಭತ್ತ, ರಾಗಿಮುದ್ದೆ, ಗಟ್ಟಿ ಮೈ ಅನ್ನೋ ಮಾತಿದೆ. ನಮ್ಮ ತಾತಂದಿರ ಕಾಲಕ್ಕೆ ಅದು ನಿಜ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಗದ್ದೆ ಉತ್ತು, ನಾಟಿ ಹಾಕಿ, ಕಬ್ಬು ಕಡಿದು, ಹೊರೆ ಹೊತ್ತು ಗಾಡಿಗೆ ತುಂಬೋರು. ನಾಗಮಂಗಲದ ಕಡೆ ಮಳೆ ನಂಬಿದ ಹೊಲ, ರಾಗಿ, ಹುರುಳಿ, ದಿನಕ್ಕೆ ಮೂರು ನಾಲ್ಕು ಮೈಲಿ ದನದ ಹಿಂದೆ ನಡಿಗೆ. ಮೂರು ಮುದ್ದೆ ತಿಂದರೂ ಸಂಜೆ ಹೊತ್ತಿಗೆ ಅರಗಿ ಹೋಗೋದು.

ಈಗ ಮುದ್ದೆ ಹಾಗೇ ಇದೆ, ಕೆಲಸ ಹೋಗಿದೆ. ಉಳೋಕೆ ಟ್ರ್ಯಾಕ್ಟರು, ಟಿಲ್ಲರು. ಡೈರಿಗೆ ಹಾಲು ಹಾಕಿ ಬರೋಕೆ ಅರ್ಧ ಕಿಲೋಮೀಟರಿಗೆ ಬೈಕು. ಇದು ಒಳ್ಳೇದೇ, ಅಪ್ಪನ ಬೆನ್ನು ಉಳೀತು. ಆದರೆ ಹೊಟ್ಟೆಗೆ ಮಾತ್ರ ಹಳೇ ಲೆಕ್ಕದ ಊಟ ಹೋಗ್ತಾ ಇದೆ, ಜೊತೆಗೆ ಬೇಕರಿ, ಗೋಬಿ, ಸಂಜೆ ಬೋಂಡ ಸೇರಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015–16ರಲ್ಲಿ ಕರ್ನಾಟಕದ ದೊಡ್ಡವರಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಜಾಸ್ತಿ ಇದ್ದವರು ಶೇ. 22–23. 2019–21ರ ಸಮೀಕ್ಷೆಗೆ ಬರೋ ಹೊತ್ತಿಗೆ ಗಂಡಸರು, ಹೆಂಗಸರು ಇಬ್ಬರಲ್ಲೂ ಅದು ಸುಮಾರು ಶೇ. 30. ನಾಲ್ಕೇ ವರ್ಷಕ್ಕೆ ಇಷ್ಟು.

ಇನ್ನೊಂದು ವಿಷಯ. ನಮ್ಮ ದೇಶದ ವೈದ್ಯರು ನಮಗೆ 25ರ ತನಕ ಕಾಯಬೇಡಿ ಅಂತಾರೆ. ಭಾರತೀಯರ ಮೈಯಲ್ಲಿ ಅದೇ ತೂಕಕ್ಕೆ ಕೊಬ್ಬು ಜಾಸ್ತಿ, ಅದೂ ಹೊಟ್ಟೆ ಸುತ್ತ. ಅದಕ್ಕೇ ನಮಗೆ 23ಕ್ಕೇ ಎಚ್ಚರಿಕೆ ಗೆರೆ. 170 ಸೆಂ.ಮೀ. ಎತ್ತರದವರಿಗೆ ಆ ಗೆರೆ ಅಂದ್ರೆ ಸುಮಾರು ಅರವತ್ತಾರೂವರೆ ಕೆ.ಜಿ. ಟೇಪ್ ಹಿಡಿದು ಸೊಂಟ ಅಳೆದರೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ನಾವು ನಾಲ್ಕೂ ಜನ ಹಾಸ್ಟೆಲ್ ರೂಮಲ್ಲಿ ಅಳ್ಕೊಂಡ್ವಿ. ಇಬ್ಬರು ಗೆರೆ ದಾಟಿದ್ದೀವಿ. ವಯಸ್ಸು ಇಪ್ಪತ್ತೊಂದು.

ನಾಲ್ಕು ಮನೆಯ ಲೆಕ್ಕ

'ಈ ಪೌಡರ್ ಕುಡಿದು, ದಿನಾ ವಾಕ್ ಮಾಡಿದೆ, ಐದು ಕೆ.ಜಿ. ಇಳಿದೆ' ಅಂತ ಯಾರಾದ್ರೂ ಹೇಳಿದರೆ ಎಂಜಿನಿಯರಿಂಗ್ ಓದೋ ನಾವು ಏನು ಕೇಳಬೇಕು? ಎರಡು ವೇರಿಯಬಲ್ ಒಟ್ಟಿಗೆ ಬದಲಾಯಿಸಿದ್ದೀರ, ಇಳಿದಿದ್ದು ಯಾವುದರಿಂದ ಅಂತ. ಲ್ಯಾಬಲ್ಲಿ ವೋಲ್ಟೇಜನ್ನೂ ರೆಸಿಸ್ಟೆನ್ಸನ್ನೂ ಒಟ್ಟಿಗೆ ಬದಲಾಯಿಸಿ ರೀಡಿಂಗ್ ಬರೆದರೆ ಮೇಡಂ ರೆಕಾರ್ಡ್ ಬುಕ್ ವಾಪಸ್ ಎಸೀತಾರೆ. ಮೈಸೂರಿನ ಆ ಮೀಟಿಂಗಲ್ಲಿ ಸ್ಟೇಜ್ ಮೇಲೆ ಬಂದವರೆಲ್ಲ ಹೇಳಿದ್ದು ಇಂಥಾ ರೀಡಿಂಗನ್ನೇ. ನಾವು ಚಪ್ಪಾಳೆ ತಟ್ಟಿದ್ವಿ.

ಸರಿಯಾದ ಪ್ರಯೋಗಕ್ಕೆ ನಾಲ್ಕು ಗುಂಪು ಬೇಕು. ಒಂದಕ್ಕೆ ಎರಡೂ ಇಲ್ಲ. ಒಂದಕ್ಕೆ ಸಪ್ಲಿಮೆಂಟ್ ಮಾತ್ರ. ಒಂದಕ್ಕೆ ವ್ಯಾಯಾಮ ಮಾತ್ರ. ಒಂದಕ್ಕೆ ಎರಡೂ. ಆವಾಗ ಮಾತ್ರ ಜೋಡಿಯಿಂದ ಹೆಚ್ಚಿಗೆ ಏನು ಸಿಕ್ತು ಅಂತ ಗೊತ್ತಾಗೋದು.

ಇಂಥಾ ಪ್ರಯೋಗ ಆಗಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ಮಾಡಿ 2007ರಲ್ಲಿ ಪ್ರಕಟಿಸಿದ್ದು. ತೂಕ ಜಾಸ್ತಿ ಇದ್ದು, ಜೊತೆಗೆ ಬಿಪಿ ಅಥವಾ ಕೊಲೆಸ್ಟರಾಲ್ ಅಥವಾ ಟ್ರೈಗ್ಲಿಸರೈಡ್ ಹೆಚ್ಚಿದ್ದ 75 ಜನ. ಕೆಲವರಿಗೆ ದಿನಕ್ಕೆ 6 ಗ್ರಾಂ ಮೀನೆಣ್ಣೆ, ಕೆಲವರಿಗೆ ಅಷ್ಟೇ ಸೂರ್ಯಕಾಂತಿ ಎಣ್ಣೆ. ಎರಡೂ ಕಡೆ ಅರ್ಧ ಜನಕ್ಕೆ ವಾರಕ್ಕೆ ಮೂರು ದಿನ, 45 ನಿಮಿಷ ಜೋರು ನಡಿಗೆ ಅಥವಾ ಓಟ. ಹನ್ನೆರಡು ವಾರ ನಡೀತು.

ಏನಾಯ್ತು? ಮೀನೆಣ್ಣೆ ತಗೊಂಡವರಿಗೆ ಟ್ರೈಗ್ಲಿಸರೈಡ್ ಇಳೀತು, ಒಳ್ಳೇ ಕೊಲೆಸ್ಟರಾಲ್ ಅನ್ನಿಸ್ಕೊಳ್ಳೋ ಎಚ್‌ಡಿಎಲ್ ಏರಿತು. ನಡೆದವರ ರಕ್ತನಾಳದ ಹಿಗ್ಗುವ ಗುಣ ಸುಧಾರಿಸಿತು. ಮೈಕೊಬ್ಬನ್ನ ಎರಡೂ ಬೇರೆ ಬೇರೆಯಾಗಿ ಇಳಿಸಿದವು. ಅಂದ್ರೆ ಎರಡೂ ತಮ್ಮ ತಮ್ಮ ಕೆಲಸ ತಾವು ಮಾಡಿದವು. ಒಂದಿಲ್ಲದೆ ಇನ್ನೊಂದು ಕೆಲಸ ಮಾಡಲ್ಲ ಅಂತಲೂ ಇಲ್ಲ, ಸೇರಿಸಿದ ತಕ್ಷಣ ಪವಾಡ ಅಂತಲೂ ಇಲ್ಲ.

ಹಾಗಾಗಿ 'ಸಪ್ಲಿಮೆಂಟ್ ಅಂದ್ರೆ ಬರೀ ಮೋಸ' ಅಂತ ನಾವು ಬರೆಯೋಕೆ ಹೋಗಲ್ಲ. ಆದರೆ ಒಂದು ಸಣ್ಣಕ್ಷರ ಓದಿಕೊಳ್ಳಿ. ಆ 6 ಗ್ರಾಂ ಎಣ್ಣೆಯಲ್ಲಿ ಕೆಲಸದ ಒಮೇಗಾ-3 ಇದ್ದಿದ್ದು ಸುಮಾರು 1.9 ಗ್ರಾಂ. ಅಂಗಡಿಯ ಮಾಮೂಲಿ ಒಂದು ಗ್ರಾಂ ಕ್ಯಾಪ್ಸೂಲಲ್ಲಿ ಅದು ಸಾಮಾನ್ಯವಾಗಿ 300 ಮಿಲಿಗ್ರಾಂ. ದಿನಕ್ಕೊಂದು ನುಂಗಿ 'ನಾನೂ ಒಮೇಗಾ ತಗೋತೀನಿ' ಅಂದ್ರೆ ಅದು ಆ ಪ್ರಯೋಗ ಅಲ್ಲ.

ನಮ್ಮ ಪಕ್ಕದ ಚೆನ್ನೈ ಹೇಳಿದ್ದು

ನಮ್ಮನ್ನ ಜಾಸ್ತಿ ಯೋಚನೆಗೆ ಹಚ್ಚಿದ್ದು ಇನ್ನೊಂದು ಪ್ರಯೋಗ. ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ, ಚೆನ್ನೈನದು, ಡಾ. ಎ. ರಾಮಚಂದ್ರನ್ ಮತ್ತು ತಂಡದವರು 2006ರಲ್ಲಿ ಪ್ರಕಟಿಸಿದ್ದು. ಇನ್ನೇನು ಸಕ್ಕರೆ ಕಾಯಿಲೆ ಬರೋ ಅಂಚಲ್ಲಿದ್ದ 531 ಜನ. ಸರಾಸರಿ ವಯಸ್ಸು ನಲವತ್ತೈದರ ಆಸುಪಾಸು, ಬಿಎಂಐ 25ರ ಮೇಲೆ. ನಮ್ಮ ಅಪ್ಪ-ಅವ್ವಂದಿರ ಥರದವರೇ.

ಇಲ್ಲೂ ನಾಲ್ಕು ಗುಂಪು. ಒಂದಕ್ಕೆ ಮಾಮೂಲಿ ಸಲಹೆ ಅಷ್ಟೇ. ಎರಡನೇದಕ್ಕೆ ದಿನಕ್ಕೆ ಅರ್ಧ ಗಂಟೆ ಚುರುಕು ನಡಿಗೆ, ಊಟದಲ್ಲಿ ಸಕ್ಕರೆ, ಎಣ್ಣೆ ಕಮ್ಮಿ, ನಾರು ಜಾಸ್ತಿ. ಮೂರನೇದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ನಾಲ್ಕನೇದಕ್ಕೆ ನಡಿಗೆ-ಊಟ ಮತ್ತು ಮಾತ್ರೆ ಎರಡೂ. ಮೂರು ವರ್ಷದ ಲೆಕ್ಕಕ್ಕೆ ಮೊದಲ ಗುಂಪಲ್ಲಿ ಶೇ. 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ನಡೆದ ಗುಂಪಲ್ಲಿ ಶೇ. 39.3. ಮಾತ್ರೆ ಗುಂಪಲ್ಲಿ ಶೇ. 40.5. ಎರಡೂ ಮಾಡಿದ ಗುಂಪಲ್ಲಿ ಶೇ. 39.5.

ಕೊನೇ ಅಂಕಿಯನ್ನ ಇನ್ನೊಂದು ಸಲ ನೋಡಿ. ನಡೆದವರಿಗೆ ಮಾತ್ರೆ ಸೇರಿಸಿದ್ದರಿಂದ ಹೆಚ್ಚಿಗೆ ಏನೂ ಸಿಗಲಿಲ್ಲ. ಮೆಟ್‌ಫಾರ್ಮಿನ್ ಸಪ್ಲಿಮೆಂಟ್ ಅಲ್ಲ, ದಶಕಗಳಿಂದ ಜಗತ್ತು ನಂಬಿರೋ ಔಷಧಿ. ಅಂಥಾ ಔಷಧಿಯೇ ನಡಿಗೆಯ ಜೊತೆ ಸೇರಿ ಲೆಕ್ಕ ಬದಲಾಯಿಸಲಿಲ್ಲ ಅಂದ ಮೇಲೆ, ಒಂದು ಟೀ ಪುಡಿ ಬದಲಾಯಿಸುತ್ತೆ ಅಂತ ಹೇಳೋರು ನಮಗೆ ಪುರಾವೆ ತೋರಿಸಬೇಕು. (ಇದು ಕಾಯಿಲೆ ಇನ್ನೂ ಬರದೇ ಇದ್ದವರ ಕಥೆ. ಬಂದವರು ಇದನ್ನ ಓದಿ ಮಾತ್ರೆ ಬಿಡಬೇಡಿ. ಒಂದು ಸಲ ಕಂಡಿದ್ದು ಸಾಕು.)

ಇನ್ನೂ ಒಂದು ಮಾತಿದೆ. ಆ ನಡೆದ ಗುಂಪಿನವರ ತೂಕ ಹೇಳಿಕೊಳ್ಳೋ ಹಾಗೆ ಇಳಿಯಲೇ ಇಲ್ಲ. ಆದರೂ ಕಾಯಿಲೆ ಕಮ್ಮಿ ಆಯ್ತು. ನಾವು ಕೆ.ಆರ್.ಪೇಟೆ ಅಪ್ಪನಿಗೆ ಮಾಡಿದ್ದು ಇದರ ಉಲ್ಟಾ. ತೂಕ ಎರಡು ಕೆ.ಜಿ. ಇಳೀತು ಅಂತ ಖುಷಿಪಟ್ಟು, ರಕ್ತದಲ್ಲಿ ಏನಾಗ್ತಿದೆ ಅಂತ ನೋಡಲೇ ಇಲ್ಲ. ಶುಗರ್ ಮಿತಿ ಮೀರಿದರೂ ತೂಕ ಇಳಿಯುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು.

ಜಿಮ್ ಡಬ್ಬಿಗಳ ಕಥೆ

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಹಾಸ್ಟೆಲ್ ಕಿಟಕಿಗಳ ಮೇಲೆ ಖಾಲಿ ಪ್ರೋಟೀನ್ ಡಬ್ಬಿ ಸಾಲು ನಿಂತಿರೋದು ಎಲ್ಲರೂ ನೋಡಿದ್ದೀವಿ. ಕೆಲವರು ಅದರಲ್ಲಿ ಸರ್ಫ್ ಇಟ್ಕೊಂಡಿದ್ದಾರೆ.

ವೇ ಪ್ರೋಟೀನ್ ವಿಷ ಅಲ್ಲ, ಅದು ಹಾಲಿನದೇ ಒಂದು ಭಾಗ. ಭಾರ ಎತ್ತೋ ವ್ಯಾಯಾಮದ ಜೊತೆ ತಗೊಂಡರೆ ಎಷ್ಟು ಉಪಯೋಗ ಅಂತ 2018ರಲ್ಲಿ 49 ಅಧ್ಯಯನ, 1,863 ಜನರ ಅಂಕಿ ಒಟ್ಟು ಸೇರಿಸಿ ನೋಡಿದ್ದಾರೆ. ಹೆಚ್ಚುವರಿ ಪ್ರೋಟೀನಿನಿಂದ ಕೊಬ್ಬಿಲ್ಲದ ಮೈತೂಕ ಸರಾಸರಿ 0.3 ಕೆ.ಜಿ. ಹೆಚ್ಚು ಬಂತು. ಮುನ್ನೂರು ಗ್ರಾಂ. ಉಳಿದದ್ದೆಲ್ಲ ತಂದುಕೊಟ್ಟಿದ್ದು ಕಬ್ಬಿಣ ಎತ್ತಿದ ಶ್ರಮ. ಅದೂ ಒಂದು ಕೆ.ಜಿ. ಮೈತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಇನ್ನೆಷ್ಟು ಸುರಿದರೂ ಮಾಂಸಖಂಡಕ್ಕೆ ಲಾಭ ಕಾಣಲಿಲ್ಲ.

ಕ್ರಿಯಾಟಿನ್‌ಗೆ ಒಳ್ಳೇ ಪುರಾವೆ ಇದೆ. ದಿನಕ್ಕೆ 3–5 ಗ್ರಾಂ, ಭಾರ ಎತ್ತೋರಿಗೆ ಶಕ್ತಿ, ಮಾಂಸಖಂಡ ಎರಡಕ್ಕೂ ಸಹಾಯ. ಆದರೆ ತೂಕ ಇಳಿಸೋಕೆ ಅಂತ ತಗೊಂಡವನಿಗೆ ಮೊದಲ ವಾರಗಳಲ್ಲಿ ತೂಕ ಏರಬಹುದು, ಮಾಂಸಖಂಡ ನೀರು ಹಿಡಿಯುತ್ತೆ. ಕಿಡ್ನಿ ತೊಂದರೆ ಇರೋರು ಇದನ್ನೂ, ಪ್ರೋಟೀನ್ ಪೌಡರನ್ನೂ ಡಾಕ್ಟರನ್ನ ಕೇಳದೆ ಮುಟ್ಟಬಾರದು. ಶುಗರ್, ಬಿಪಿ ಹಳೇದಾದವರಲ್ಲಿ ಕಿಡ್ನಿ ತೊಂದರೆ ಗೊತ್ತಿಲ್ಲದೇ ಇರುತ್ತೆ. ನಮ್ಮ ಅಪ್ಪಂದಿರು ಬರೋದು ಈ ಗುಂಪಿಗೇ.

ಇನ್ನು ಮಾಸ್ ಗೇನರ್. ನಮ್ಮಲ್ಲಿ ಗೆರೆ ದಾಟಿರೋ ಇಬ್ಬರಲ್ಲಿ ಒಬ್ಬ ಮೊದಲನೇ ವರ್ಷದಲ್ಲಿ 'ಬಾಡಿ ಬರಲಿ' ಅಂತ ಅದನ್ನ ಕುಡಿದ. ಡಬ್ಬಿ ತಿರುಗಿಸಿ ಓದಿದ್ದರೆ ಗೊತ್ತಾಗೋದು, ಅದರಲ್ಲಿ ಬಹುಪಾಲು ಮಾಲ್ಟೊಡೆಕ್ಸ್ಟ್ರಿನ್ ಅನ್ನೋ ಪಿಷ್ಟದ ಪುಡಿ. ಬಾಡಿ ಬಂತು, ಬೇಡದ ಕಡೆ ಬಂತು.

ಉಪ್ಪಾಗೆ ಹೋಗಿ ಫ್ಯಾಟ್ ಬರ್ನರ್ ಆಗಿದ್ದು

ಇದರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕಥೆ ಇದೆ. ಮಲೆನಾಡು, ಉತ್ತರ ಕನ್ನಡದ ಕಾಡಲ್ಲಿ ಉಪ್ಪಾಗೆ ಅನ್ನೋ ಮರ. ಅದರ ಹಣ್ಣಿನ ಒಣಸಿಪ್ಪೆ ಅಡುಗೆಗೆ ಹುಳಿ. ಕೊಡಗಿನವರು ಅದರಿಂದಲೇ ಕಾಚಂಪುಳಿ ಮಾಡಿ ಹಂದಿ ಕರಿಗೆ ಹಾಕೋದು. ಅದರ ಲ್ಯಾಟಿನ್ ಹೆಸರು ಗಾರ್ಸೀನಿಯಾ. ಹಳೇ ಹೆಸರು ಗಾರ್ಸೀನಿಯಾ ಕಾಂಬೋಜಿಯಾ ಅಂತ ಡಬ್ಬಿ ಮೇಲೆ ಬರೆದು ಅಮೆರಿಕದಿಂದ ನಮ್ಮೂರ ಮೊಬೈಲ್ ತನಕ 'ಕೊಬ್ಬು ಕರಗಿಸುವ ಗುಳಿಗೆ' ಅಂತ ಮಾರ್ತಾರೆ. ನಾವು ಮಾರಿದ ಕಿಟ್‌ನ ಗುಳಿಗೆಯಲ್ಲೂ ಅದೇ ಇತ್ತು.

1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಇದರ ಪರೀಕ್ಷೆ ಬಂತು. ತೂಕ ಜಾಸ್ತಿ ಇದ್ದ 135 ಜನ, ಹನ್ನೆರಡು ವಾರ, ಎಲ್ಲರಿಗೂ ಕ್ಯಾಲರಿ ಕಮ್ಮಿ ಇರೋ ಊಟ. ಒಂದು ಗುಂಪಿಗೆ ಉಪ್ಪಾಗೆಯ ಸಾರ, ಇನ್ನೊಂದಕ್ಕೆ ಒಳಗೆ ಏನೂ ಇಲ್ಲದ ಗುಳಿಗೆ. ಸಾರ ತಗೊಂಡವರು ಸರಾಸರಿ 3.2 ಕೆ.ಜಿ. ಇಳಿದರು. ಏನೂ ಇಲ್ಲದ್ದು ತಗೊಂಡವರು 4.1 ಕೆ.ಜಿ. ಇಳಿದರು! ಅಂಕಿಅಂಶದ ಲೆಕ್ಕಕ್ಕೆ ಎರಡೂ ಒಂದೇ. ಇಳಿಸಿದ್ದು ಊಟ. ಹುಳಿಯಾಗಿ ಉಪ್ಪಾಗೆ ಚೆನ್ನಾಗಿದೆ, ಹಾಗೇ ಇರಲಿ. ಇದರ ಸಾರ ಇರೋ ಗುಳಿಗೆ ತಗೊಂಡು ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯ ಪತ್ರಿಕೆಗಳಲ್ಲಿ ಬಂದಿವೆ.

'ಹರ್ಬಲ್ ಅಲ್ವಾ, ಏನೂ ಆಗಲ್ಲ ಬಿಡಿ' ಅನ್ನೋದು ನಾವು ಮಾರುವಾಗ ಹೇಳಿದ ಇನ್ನೊಂದು ಮಾತು. ಎಫೆಡ್ರಾ ಕೂಡ ಗಿಡಮೂಲಿಕೆನೇ. ಹೃದಯಕ್ಕೆ ಅಪಾಯ ಅಂತ 2004ರಲ್ಲಿ ಅಮೆರಿಕ ಸಪ್ಲಿಮೆಂಟ್‌ಗಳಲ್ಲಿ ಅದನ್ನ ನಿಷೇಧಿಸಿತು. ಸಿಬುಟ್ರಮಿನ್ ಅಂತ ತೂಕ ಇಳಿಸೋ ಔಷಧಿ ಇತ್ತು. ಹೃದಯಾಘಾತ, ಪಾರ್ಶ್ವವಾಯು ಅಪಾಯ ಕಂಡು 2010ರಲ್ಲಿ ಅಮೆರಿಕ, ಯೂರೋಪಿನ ಮಾರುಕಟ್ಟೆಯಿಂದ ತೆಗೆದರು, ಭಾರತದಲ್ಲೂ ನಿಷೇಧ ಆಯ್ತು. ಆಮೇಲೂ 'ಹರ್ಬಲ್' ಅಂತ ಬರೆದ ಎಷ್ಟೋ ತೂಕ ಇಳಿಸೋ ಡಬ್ಬಿಗಳಲ್ಲಿ ಅದು ಗುಟ್ಟಾಗಿ ಬೆರೆತಿರೋದು ಸಿಕ್ಕಿದೆ. ನಾಲ್ಕೇ ದಿನಕ್ಕೆ ಹಸಿವೇ ಇಲ್ಲ ಅನ್ನೋ ಹಾಗೆ ಮಾಡೋ ಪುಡಿ ಸಿಕ್ಕರೆ ಖುಷಿಪಡಬೇಡಿ, ಅನುಮಾನ ಪಡಿ.

ಡಬ್ಬಿ ಮೇಲೆ ಬರೆದಿದ್ದೇ ಒಳಗಿದೆಯಾ?

2024ರಲ್ಲಿ ಕೇರಳದ ಲಿವರ್ ತಜ್ಞ ಡಾ. ಸಿರಿಯಕ್ ಆಬಿ ಫಿಲಿಪ್ಸ್ ಮತ್ತು ಜೊತೆಗಾರರು ಭಾರತದಲ್ಲಿ ಮಾರೋ 36 ಪ್ರೋಟೀನ್ ಪೌಡರ್ ತಂದು ಪರೀಕ್ಷೆ ಮಾಡಿಸಿದರು. ಸುಮಾರು ಶೇ. 70ರಷ್ಟು ಡಬ್ಬಿಗಳಲ್ಲಿ ಬರೆದ ಪ್ರೋಟೀನ್ ಲೆಕ್ಕ ತಪ್ಪು. ಸುಮಾರು ಶೇ. 14ರಲ್ಲಿ ಬೂಷ್ಟಿನಿಂದ ಬರೋ ವಿಷ, ಶೇ. 8ರಲ್ಲಿ ಕೀಟನಾಶಕದ ಅಂಶ. ಅದೇ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲೂ ಪ್ರೋಟೀನ್ ಪೌಡರ್ ಬಿಡಿ, ಊಟದಿಂದಲೇ ಪಡೀರಿ ಅಂತಲೇ ಇದೆ.

ತಗೊಳ್ಳಲೇಬೇಕು ಅನ್ನೋರು ಕನಿಷ್ಠ ಇಷ್ಟು ನೋಡಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಿಗೆ 14 ಅಂಕಿ ಇರುತ್ತೆ. ಹೆಲ್ತ್ ಸಪ್ಲಿಮೆಂಟ್ ಆದರೆ ಔಷಧಿಯಾಗಿ ಬಳಸೋಕೆ ಅಲ್ಲ ಅಂತ ಡಬ್ಬಿ ಮೇಲೆ ಬರೆದಿರಲೇಬೇಕು, 2016ರ ನಿಯಮದಲ್ಲಿ ಹಾಗಿದೆ. ಈ ಒಂದು ಸಾಲು ನಾವು ಮಾರಿದ ಡಬ್ಬಿ ಮೇಲೂ ಇತ್ತು, ಇಂಗ್ಲಿಷಲ್ಲಿ, ಇರುವೆ ಅಕ್ಷರದಲ್ಲಿ. ಕೆ.ಆರ್.ಪೇಟೆ ಅಪ್ಪ ಓದಿರೋದು ಏಳನೇ ಕ್ಲಾಸು ಕನ್ನಡ. ಓದಿ ಹೇಳಬೇಕಾಗಿದ್ದವರು ನಾವು.

ಹುರುಳಿ ಲೆಕ್ಕ

ಹಾಗಾದ್ರೆ ಪ್ರೋಟೀನ್ ಬೇಡವಾ? ಬೇಕು. ನಮ್ಮ ತಟ್ಟೆಯಲ್ಲಿ ಅದೇ ಕಮ್ಮಿ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮುದ್ದೆ ಜೊತೆ ನೀರು ನೀರು ಸೊಪ್ಪಿನ ಸಾರು. ಐಸಿಎಂಆರ್ ಲೆಕ್ಕಕ್ಕೆ ದೊಡ್ಡವರಿಗೆ ಒಂದು ಕೆ.ಜಿ. ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 70 ಕೆ.ಜಿ. ಇರೋರಿಗೆ 58 ಗ್ರಾಂ.

ನಾಗಮಂಗಲದ ಗೆಳತಿ ಒಂದು ದಿನ ಬ್ಲ್ಯಾಕ್‌ಬೋರ್ಡ್ ಮೇಲೆ ಬರೆದ ಲೆಕ್ಕ ಇದು. ಮೊಟ್ಟೆ ಎರಡು, 12 ಗ್ರಾಂ. ಹಾಲು ಅರ್ಧ ಲೀಟರ್, 16 ಗ್ರಾಂ. ಹುರುಳಿಕಾಳು 50 ಗ್ರಾಂ, 11 ಗ್ರಾಂ. ಕಡ್ಲೆಕಾಯಿ ಬೀಜ ಒಂದು ಹಿಡಿ, 30 ಗ್ರಾಂ ಅಂತಿಟ್ಕೊಂಡ್ರೆ 7 ಗ್ರಾಂ. ಒಟ್ಟು 46. ಮೇಲೆ ರಾಗಿ, ಅಕ್ಕಿಯಿಂದ ಹೇಗೂ ಇಪ್ಪತ್ತು ಬರುತ್ತೆ. 66 ಆಯ್ತು. ತಿಂಗಳಿಗೆ ಖರ್ಚು ಸಾವಿರದೈನೂರರ ಒಳಗೆ. ನಾವು ಮಾರಿದ್ದು ಆರೂವರೆ ಸಾವಿರಕ್ಕೆ.

ಆದರೆ ದಪ್ಪ ಇರೋರು ಒಂದು ಎಚ್ಚರ ಇಟ್ಕೊಳ್ಳಿ. ಇದನ್ನೆಲ್ಲ ಮಾಮೂಲಿ ಊಟದ ಮೇಲೆ ಸೇರಿಸಬಾರದು, ಅನ್ನದ ಒಂದು ಭಾಗ ತೆಗೆದು ಆ ಜಾಗಕ್ಕೆ ಇಡಬೇಕು. ಎರಡನೇ ಸಲದ ಅನ್ನ ಬಿಟ್ಟು ಹುರುಳಿ ಬಸ್ಸಾರಿನ ಕಾಳು ಜಾಸ್ತಿ ಹಾಕಿಸ್ಕೊಳ್ಳಿ. ಇಲ್ಲದಿದ್ರೆ ಮಾಸ್ ಗೇನರ್ ಕಥೆನೇ.

ಸಪ್ಲಿಮೆಂಟ್ ನಿಜವಾಗಿ ಬೇಕಾದವರೂ ಇದ್ದಾರೆ. ಮಾಂಸ ಮೊಟ್ಟೆ ಮುಟ್ಟದವರಲ್ಲಿ, ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳೋರಲ್ಲಿ ಬಿ12 ಕೊರತೆ ಬರುತ್ತೆ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಮಾಮೂಲು. ಅಂಥವರು ಎರಡು ಮೆಟ್ಟಿಲು ಹತ್ತಿದರೆ ಸುಸ್ತು, ಅವರಿಗೆ 'ನಡೀರಿ ನಡೀರಿ' ಅಂದ್ರೆ ಹೇಗೆ ನಡೀತಾರೆ? ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಡಾಕ್ಟರ್ ಬರೆದ ಮಾತ್ರೆ ತಗೊಂಡರೆ ನಡೆಯೋ ಶಕ್ತಿ ಬರುತ್ತೆ. ಸಪ್ಲಿಮೆಂಟ್, ವ್ಯಾಯಾಮ ನಿಜವಾಗಿ ಜೊತೆಯಾಗೋದು ಹೀಗೆ. ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಮೊದಲು ಡಬ್ಬಿ ಅಲ್ಲ.

ನಮ್ಮ ಮಾತು

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಅದಕ್ಕೆ ನಮ್ಮ ನಾಲ್ಕು ತಾಲ್ಲೂಕಲ್ಲಿ ಜಾಗಕ್ಕೆ ಬರ ಇಲ್ಲ. ನಾಲೆ ಏರಿ ಇದೆ, ಕರಿಘಟ್ಟ ಇದೆ, ಕುಂತಿಬೆಟ್ಟ ಇದೆ, ಮೇಲುಕೋಟೆ ಮೆಟ್ಟಿಲಿದೆ. ನಾಗಮಂಗಲದವರಿಗೆ ಊರಿಂದ ಹೊಲದ ದಾರಿಯೇ ಸಾಕು. ಇಲ್ಲದಿರೋದು ಜೊತೆಗೆ ಬರೋರು. ನಮ್ಮ ಕಡೆ ಐವತ್ತು ವರ್ಷದ ಹೆಂಗಸು ಸುಮ್ಮನೆ ರಸ್ತೆಯಲ್ಲಿ ಚುರುಕಾಗಿ ನಡೆದರೆ 'ಎಲ್ಲಿಗವ್ವಾ ಇಷ್ಟು ಅರ್ಜೆಂಟು' ಅಂತ ಹತ್ತು ಜನ ಕೇಳ್ತಾರೆ. ನಾಚಿಕೊಂಡು ಮಾರನೇ ದಿನ ಹೋಗಲ್ಲ. ಮಗನೋ ಮಗಳೋ ಜೊತೆಗಿದ್ದರೆ ಯಾರೂ ಕೇಳಲ್ಲ.

ಡಬ್ಬಿ ಗೆಲ್ಲೋದು ಇಲ್ಲೇ ಅಂತ ನಮಗನ್ನಿಸುತ್ತೆ. ಡಬ್ಬಿ ಮಾರೋನು ದಿನಾ ಫೋನ್ ಮಾಡ್ತಾನೆ, 'ಅಂಕಲ್ ಇವತ್ತು ಎಷ್ಟು ತೂಕ, ಸೂಪರ್ ಅಂಕಲ್' ಅಂತಾನೆ. ನಾವೂ ಮಾಡಿದ್ವಿ, ಕಮಿಷನ್‌ಗೋಸ್ಕರ. ಸ್ವಂತ ಅಪ್ಪನಿಗೆ ನಾವು ಯಾವತ್ತು ಫೋನ್ ಮಾಡಿ 'ಇವತ್ತು ನಡೆದ್ರಾ' ಅಂತ ಕೇಳಿದ್ದೀವಿ?

ಅದಕ್ಕೆ ನಮ್ಮದು ಮೂರು ಮಾತು. ಮೊದಲನೇದು ನಮಗೇ: ಗುರುತಿನವರಿಗೆ, ಅದರಲ್ಲೂ ಕಾಯಿಲೆ ಇರೋ ದೊಡ್ಡವರಿಗೆ, ಕಮಿಷನ್ ಆಸೆಗೆ ಪುಡಿ, ಗುಳಿಗೆ ಮಾರೋ ಕೆಲಸಕ್ಕೆ ಯಾರೂ ಹೋಗಬೇಡಿ. ಪಾಕೆಟ್ ಮನಿ ಬೇಕಾದ್ರೆ ಟ್ಯೂಷನ್ ಹೇಳಿ. ಜನ ಸೇರಿಸಿದ್ದಕ್ಕೇ ದುಡ್ಡು ಕೊಡೋ ಪಿರಮಿಡ್ ಸ್ಕೀಮನ್ನ 2021ರ ನೇರ ಮಾರಾಟದ ನಿಯಮಗಳು ನಿಷೇಧಿಸಿವೆ ಅನ್ನೋದೂ ನೆನಪಿರಲಿ.

ಎರಡನೇದು ಕಾಲೇಜಿಗೆ: ಗ್ರೌಂಡ್ ಲೈಟು ರಾತ್ರಿ ಎಂಟರ ತನಕ ಉರೀಲಿ. ಜಿಮ್‌ನಲ್ಲಿ ಹುಡುಗೀರಿಗೆ ಅಂತ ದಿನಾ ಒಂದು ಗಂಟೆ ಇರಲಿ, ಈಗ ಅವರು ಬಾಗಿಲಿಂದ ಇಣುಕಿ ವಾಪಸ್ ಹೋಗ್ತಾರೆ. ಮೆಸ್‌ನಲ್ಲಿ ವಾರಕ್ಕೆ ಮೂರು ದಿನ ಹುರುಳಿ, ಅಲಸಂದೆ, ಕಡ್ಲೆ ಉಸಲಿ ಬರಲಿ. ಫೆಸ್ಟ್ ದಿನ ಸಪ್ಲಿಮೆಂಟ್ ಸ್ಟಾಲ್ ಹಾಕೋರಿಗೆ ಲ್ಯಾಬ್ ರಿಪೋರ್ಟ್ ತೋರಿಸದೆ ಜಾಗ ಕೊಡಬೇಡಿ.

ಮೂರನೇದು ಈ ಲೇಖನ ಓದ್ತಿರೋ ನಿಮಗೆ: ಈ ಸಲ ಊರಿಗೆ ಹೋದಾಗ ಒಂದು ಟೇಪು ತಗೊಂಡು ಹೋಗಿ. ಅಪ್ಪನ ಸೊಂಟ, ಅವ್ವನ ಸೊಂಟ ಅಳೀರಿ, ನಗಾಡಿದರೂ ಪರವಾಗಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ಬಿಪಿ, ಶುಗರ್ ನೋಡಿಸಿ, ಮೂವತ್ತು ದಾಟಿದವರಿಗೆ ಅಲ್ಲಿ ಉಚಿತವಾಗಿ ನೋಡ್ತಾರೆ. ಮನೆಯಲ್ಲಿ ಯಾವ ಡಬ್ಬಿ ಇದೆ, ಯಾರು ಮಾರಿದರು, ಯಾವ ಮಾತ್ರೆ ಬಿಟ್ಟಿದ್ದಾರೆ ಅಂತ ಕೇಳಿ. ಇದು ಮುಖ್ಯ. ಅವರಾಗಿ ಹೇಳಲ್ಲ.

ನಮ್ಮಲ್ಲಿ ಮಾರಿದವನು ಕಮಿಷನ್ ದುಡ್ಡನ್ನೆಲ್ಲ ವಾಪಸ್ ಕೊಡೋಕೆ ಹೋದ. ಕೆ.ಆರ್.ಪೇಟೆ ಅಪ್ಪ ಮುಟ್ಟಲಿಲ್ಲ. 'ಅದನ್ನ ಇಟ್ಕಳಪ್ಪಾ, ನಾನೂ ಸುಲಭ ಆಯ್ತದೆ ಅಂತ ಆಸೆಬಿದ್ದೆ' ಅಂದರು. ಆಮೇಲೆ, 'ಭಾನುವಾರ ಬಂದ್ರೆ ಬನ್ರಿ, ನಾಲೆ ಏರಿ ಮ್ಯಾಲೆ ಹೋಗ್ ಬರಣ. ಒಬ್ನೇ ಹೋಗಕ್ಕೆ ಬೇಜಾರು' ಅಂದರು.

ಹೋಗ್ತಾ ಇದ್ದೀವಿ. ಮಾತ್ರೆ ಟೈಮಿಗೆ ತಗೋತಾರೆ, ಕಾಲು ಮಾಯ್ದಿದೆ, ಶುಗರ್ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ಎಷ್ಟೋ ವಾಸಿ. ತೂಕ ಎಷ್ಟು ಅಂತ ನಾವೂ ಕೇಳಿಲ್ಲ, ಅವರೂ ಹೇಳಿಲ್ಲ. ಅವರ ಮನೆ ಅಟ್ಟದ ಮೇಲೆ ಆ ಮೂರು ಡಬ್ಬಿ ಇನ್ನೂ ಇವೆ. ಈಗ ಅದರಲ್ಲಿ ಹುರುಳಿಕಾಳು ತುಂಬಿಟ್ಟಿದ್ದಾರೆ.